ನಾಜಲ್ ಕಟ್ಟಿಕೊಂಡರೆ ಬಿಚ್ಚಲು ಬರಬೇಕು

ಪ್ರಶ್ನೆ: ನಾನು ಬನಶಂಕರಿಯಲ್ಲಿ ಮನೆಯಲ್ಲೇ ಬಯೋ ಎಂಜೈಮ್ ಮಾಡಿ ಮಾರುತ್ತೇನೆ. ಬೆಲ್ಲ, ಕಿತ್ತಳೆ ಮತ್ತು ನಿಂಬೆ ಸಿಪ್ಪೆ, ನೀರು, ಇಷ್ಟೇ. ಅಡುಗೆಮನೆ ಕಟ್ಟೆ ಒರೆಸಲು ಅರ್ಧ ಲೀಟರಿನ ಸ್ಪ್ರೇ ಬಾಟಲಿಯಲ್ಲಿ ತುಂಬಿ ಕೊಡುತ್ತೇನೆ. ತಿಂಗಳಿಗೆ ಸುಮಾರು 200 ಬಾಟಲಿ ಹೋಗುತ್ತವೆ. ಖಾಲಿ ಬಾಟಲಿ ತಂದರೆ ಮತ್ತೆ ತುಂಬಿಸಿಯೂ ಕೊಡುತ್ತೇನೆ. ಒಳಗಿನ ದ್ರವದ ಬಗ್ಗೆ ಯಾರ ದೂರೂ ಇಲ್ಲ. ಆದರೆ ಮೂರು ನಾಲ್ಕು ವಾರಕ್ಕೆ ನಾಜಲ್ ಕಟ್ಟಿಕೊಳ್ಳುತ್ತದೆ ಎಂದು ಬಾಟಲಿಗಳು ವಾಪಸ್ ಬರುತ್ತಿವೆ. ವಿನೆಗರ್‌ನಲ್ಲಿ ನೆನೆಸಿದೆ, ಪಿನ್ ಹಾಕಿ ಚುಚ್ಚಿದೆ, ಪ್ರಯೋಜನವಾಗಲಿಲ್ಲ. ಬಿಚ್ಚಿ ತೊಳೆಯಲು ಬರುವಂಥ ನಾಜಲನ್ನೇ ಮಾಡಿಸಬಹುದಾ? ಪೀಣ್ಯದಲ್ಲಿ ಒಬ್ಬರು ಅಚ್ಚು ಮಾಡಿಕೊಡುತ್ತೇನೆ ಅಂದಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಅಚ್ಚಿಗೆ ಈಗಲೇ ಮುಂಗಡ ಕೊಡಬೇಡಿ. ಇಂಥ ಸಣ್ಣ ಪ್ಲಾಸ್ಟಿಕ್ ಸಾಮಾನುಗಳ ವಿನ್ಯಾಸವೇ ನನ್ನ ಕೆಲಸ. ತೊಂದರೆ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಅಚ್ಚು ಮಾಡಿಸಿ, ಲಕ್ಷಗಟ್ಟಲೆ ದುಡ್ಡು ಉಕ್ಕಿನಲ್ಲಿ ಸಿಕ್ಕಿಹಾಕಿಕೊಂಡವರನ್ನು ಬಹಳ ನೋಡಿದ್ದೇನೆ. ನೀವು ಕೇಳುತ್ತಿರುವುದು ಸರಿಯಾದದ್ದೇ. ತೊಳೆಯಲು ಬರುವ ನಾಜಲ್ ಬೇಕೇ ಬೇಕು. ಆದರೆ ಏನನ್ನು ತೊಳೆಯಬೇಕು ಅಂತ ಮೊದಲು ಗೊತ್ತಾಗಬೇಕು ಅಲ್ವಾ?

ವಾಪಸ್ ಬಂದವುಗಳಲ್ಲಿ ಹತ್ತು ಬಾಟಲಿ ಆರಿಸಿ. ತೊಳೆಯಬೇಡಿ. ಹಾಗೇ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದನ್ನೇ ಒತ್ತಿ ನೋಡಿ. ಟ್ರಿಗರ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಮುಂದಿನ ತೂತೇ ಮುಚ್ಚಿದೆ. ಟ್ರಿಗರ್ ಸಲೀಸಾಗಿ ಹೋಗುತ್ತದೆ, ಆದರೆ ನಿಧಾನಕ್ಕೆ ಎಳೆದುಕೊಂಡು ವಾಪಸ್ ಬರುತ್ತದೆ ಅಂದರೆ ಬಾಟಲಿಯೊಳಗಿನ ಪೈಪಿನ ಬಾಯಿ ಮುಚ್ಚಿದೆ. ಸಲೀಸಾಗಿ ಹೋಗಿ ಸಲೀಸಾಗಿಯೇ ಬರುತ್ತದೆ, ಏನೂ ಚಿಮ್ಮುವುದಿಲ್ಲ ಅಂದರೆ ಒಳಗಿನ ವಾಲ್ವ್‌ಗೆ ನಾರು ಸಿಕ್ಕಿ ಅದು ತೆರೆದೇ ನಿಂತಿದೆ. ಬಾಟಲಿಯ ಪಕ್ಕ ಒಳಕ್ಕೆ ಜಗ್ಗಿದ್ದರೆ ಗಾಳಿ ಒಳಗೆ ಹೋಗುವ ಸಣ್ಣ ಕಿಂಡಿ ಮುಚ್ಚಿದೆ. ಸ್ಪ್ರೇ ಬರುತ್ತದೆ, ಆದರೆ ಸೊಟ್ಟಗೆ ಅಥವಾ ಒಂದೇ ಎಳೆಯಾಗಿ ಬರುತ್ತದೆ ಅಂದರೆ ತೂತು ಸರಿಯಿದೆ, ಅದರ ಹಿಂದಿನ ಕಾಲುವೆಗಳು ಕಟ್ಟಿವೆ. ನಿಮ್ಮ ಗಿರಾಕಿಗಳು ಈ ಐದನ್ನೂ ಒಂದೇ ಮಾತಿನಲ್ಲಿ "ನಾಜಲ್ ಬ್ಲಾಕ್ ಆಗಿದೆ" ಎನ್ನುತ್ತಾರೆ. ಅವರದ್ದು ತಪ್ಪಲ್ಲ. ಆದರೆ ಮೊದಲನೆಯದು ಮತ್ತು ಕೊನೆಯದಕ್ಕೆ ಮಾತ್ರ ಹೊಸ ನಾಜಲ್ ಮದ್ದು. ಉಳಿದ ಮೂರಕ್ಕೆ ನೀವು ಚಿನ್ನದ ನಾಜಲ್ ಹಾಕಿದರೂ ಉಪಯೋಗವಿಲ್ಲ.

ಆ ಕಾಲುವೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ವಿಷಯ ಅಲ್ಲೇ ಇರುವುದು.

ಸ್ಪ್ರೇ ಬಾಟಲಿಯ ಮೂತಿಯಲ್ಲಿ ಬರೀ ಒಂದು ತೂತು ಇದ್ದರೆ ನೀರು ಪಿಚಕಾರಿಯ ಹಾಗೆ ಒಂದೇ ಎಳೆಯಾಗಿ ಹೋಗುತ್ತದೆ. ಅದು ಹನಿಹನಿಯಾಗಿ ಹರಡಬೇಕಾದರೆ ಹೊರಗೆ ಬರುವ ಮುಂಚೆ ಗಿರಗಿರ ತಿರುಗಬೇಕು. ಅದಕ್ಕಾಗಿ ಮೂತಿಯ ಒಳಮುಖದಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ. ಎರಡು ಮೂರು ಸಣ್ಣ ಕಾಲುವೆಗಳು ಓರೆಯಾಗಿ ಬಂದು ಆ ಗುಂಡಿಯ ಅಂಚಿಗೆ ಸೇರುತ್ತವೆ. ದ್ರವ ಅಂಚಿನಿಂದ ನುಗ್ಗಿ ಸುಳಿಯಾಗಿ ತಿರುಗುತ್ತದೆ. ತಿರುಗುತ್ತಲೇ ನಡುವಿನ ತೂತಿನಿಂದ ಹೊರಬಂದು ಛತ್ರಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಆ ತೆಳು ಪರದೆ ಹರಿದು ಹನಿಗಳಾಗುತ್ತವೆ. ನಮ್ಮ ಕಣ್ಣಿಗೆ ಕಾಣುವುದು ಹೊರಗಿನ ತೂತು ಮಾತ್ರ. ಎಷ್ಟೋ ನಾಜಲ್‌ಗಳಲ್ಲಿ ಒಳಗಿನ ಕಾಲುವೆ ಆ ತೂತಿಗಿಂತಲೂ ಕಿರಿದು. ಕಸ ಮೊದಲು ಸಿಕ್ಕಿಕೊಳ್ಳುವುದು ಅಲ್ಲಿ. ಹೊರಗಿನಿಂದ ಪಿನ್ ಚುಚ್ಚಿದರೆ ಅದು ಕಾಲುವೆಯನ್ನು ಮುಟ್ಟುವುದೇ ಇಲ್ಲ. ತೂತಿನಲ್ಲಿದ್ದ ಕಸವನ್ನೂ ಗುಂಡಿಗೆ ತಳ್ಳುತ್ತದೆ. ನಿಮ್ಮ ಪಿನ್ ಕೆಲಸ ಮಾಡದಿದ್ದುದಕ್ಕೆ ಇದೇ ಕಾರಣ ಇರಬೇಕು.

ಎಷ್ಟು ಕಸ ಸಾಕು ಅಂತ ಒಂದು ಲೆಕ್ಕ ನೋಡಿ. ತೂತಿನ ಅಗಲ 0.5 ಮಿಲಿಮೀಟರ್ ಎಂದುಕೊಳ್ಳಿ. ಸುತ್ತಲೂ 0.05 ಮಿಲಿಮೀಟರ್ ದಪ್ಪಕ್ಕೆ ಏನೋ ಒಣಗಿ ಅಂಟಿತು. ತಲೆಕೂದಲಿನಷ್ಟು ತೆಳುವಾದ ಪದರ ಅದು. ಈಗ ತೂತು 0.4 ಮಿಲಿಮೀಟರ್ ಆಯಿತು. ದ್ರವ ಹೋಗುವ ದಾರಿ ಮಾತ್ರ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಡಿಮೆಯಾಯಿತು. ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಗಾಳಿ ಬಹಳ ಒಣ. ಮೂತಿಯಲ್ಲಿ ಉಳಿದ ಒಂದು ಹನಿ ಬೇಗ ಒಣಗುತ್ತದೆ. ದಿನಕ್ಕೊಂದು ಹನಿ ಒಣಗಿದರೂ ಮೂರು ನಾಲ್ಕು ವಾರದಲ್ಲಿ ದಾರಿ ಮುಚ್ಚಲು ಸಾಕು.

ಈಗ ವಿನೆಗರ್ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ಏನು ಕಟ್ಟಿಕೊಂಡರೂ ಎಲ್ಲರೂ ಹೇಳುವುದು ವಿನೆಗರ್ ಅಥವಾ ನಿಂಬೆಹಣ್ಣು. ಅದಕ್ಕೆ ಕಾರಣ ನಮ್ಮ ಬೋರ್‌ವೆಲ್ ನೀರು. ಅದರಲ್ಲಿ ಸುಣ್ಣದ ಅಂಶ ಜಾಸ್ತಿ. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. 2024ರ ಮಾರ್ಚ್‌ನಲ್ಲಿ ನೀರಿನ ಕಷ್ಟ ಬಂದಾಗ ಜಲಮಂಡಳಿ ನಲ್ಲಿಗಳಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಜಾಲರಿ, ಹಾಕಿಸಲು ಹೇಳಿತ್ತಲ್ಲ, ನೆನಪಿದೆಯಾ? ಬೋರ್‌ವೆಲ್ ನೀರು ಬರುವ ಮನೆಯಲ್ಲಿ ಆ ಏರೇಟರ್ ಬಿಚ್ಚಿ ನೋಡಿ. ಜಾಲರಿಯ ಮೇಲೆ ಬಿಳಿ ಹುಡಿ, ಮರಳಿನ ಕಣ. ಅದು ಸುಣ್ಣ. ವಿನೆಗರ್‌ಗೆ ಹಾಕಿದರೆ ಗುಳ್ಳೆ ಬಂದು ಕರಗುತ್ತದೆ.

ಆದರೆ ನಿಮ್ಮ ಬಯೋ ಎಂಜೈಮ್ ತಾನೇ ಹುಳಿ. ಹುಳಿಯಲ್ಲಿ ಸುಣ್ಣ ಗಟ್ಟಿಯಾಗಿ ಕೂರುವುದಿಲ್ಲ. ನಿಮ್ಮ ನಾಜಲ್‌ನಲ್ಲಿರುವುದು ಬೇರೆ ಮೂರು ಇರಬೇಕು: ಸಿಪ್ಪೆಯ ನಾರು, ಹುದುಗದೇ ಉಳಿದ ಬೆಲ್ಲ ಮತ್ತು ಹಣ್ಣಿನ ಅಂಟು, ಆಮೇಲೆ ಲೋಳೆ. ಇವು ಯಾವುದಕ್ಕೂ ವಿನೆಗರ್ ನಾಟುವುದಿಲ್ಲ. ಬೆಲ್ಲ ಮತ್ತು ಅಂಟಿಗೆ ಬಿಸಿನೀರು ಸಾಕು. ಕೈ ಅದ್ದಿದರೆ ಸ್ವಲ್ಪ ಚುರುಕ್ ಅನ್ನುವಷ್ಟು ಬಿಸಿ, ಕುದಿಯುವುದು ಬೇಡ. ನಾರಿಗೆ ಮತ್ತು ಲೋಳೆಗೆ ಬ್ರಶ್ ಬೇಕು. ಬ್ರಶ್ ಆಡಿಸಬೇಕಾದರೆ ಆ ಗುಂಡಿ ಕೈಗೆ ಸಿಗಬೇಕು. ಅದಕ್ಕೇ ಬಿಚ್ಚಲು ಬರುವ ನಾಜಲ್ ಬೇಕೆನ್ನುವುದು.

ಒಂದು ಮುಖ್ಯ ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕಟ್ಟಿಕೊಂಡ ನಾಜಲ್ ಬಿಡಿಸಲು ಯಾರಾದರೂ ಬ್ಲೀಚ್ ಸುರಿದರೆ ಅಪಾಯ. ಹುಳಿ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಚಿಕ್ಕ ಅಡುಗೆಮನೆಯಲ್ಲಿ ಅದು ಕಣ್ಣಿಗೆ, ಶ್ವಾಸಕ್ಕೆ ಬಹಳ ಕೆಟ್ಟದ್ದು. ನಿಮ್ಮ ಲೇಬಲ್ ಮೇಲೆ "ಈ ಬಾಟಲಿಗೆ ಬ್ಲೀಚ್ ಹಾಕಬೇಡಿ" ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆಸಿ. ಮನೆಗೆಲಸಕ್ಕೆ ಬರುವವರಿಗೂ ಓದಲು ಆಗಬೇಕು.

ಕಟ್ಟಿಕೊಳ್ಳುವ ತೂತಿನ ಸಮಸ್ಯೆ ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಗ್ಯಾಸ್ ಬರುವ ಮುಂಚೆ ಸೀಮೆಎಣ್ಣೆಯ ಪಂಪ್ ಸ್ಟೌ ಇತ್ತು. ಅದರ ಹಿತ್ತಾಳೆ ನಿಪ್ಪಲ್ ಮಸಿ ಕಟ್ಟಿದರೆ ಉರಿ ಕೆಂಪಾಗಿ ಹೊಗೆ ಬರುತ್ತಿತ್ತು. ಆಗ ಅಜ್ಜಿ ಗೂಡಿನಿಂದ ಸ್ಟೌ ಪಿನ್ ತೆಗೆಯುತ್ತಿದ್ದರು. ತಗಡಿನ ಪಟ್ಟಿ, ತುದಿಯಲ್ಲಿ ಕೂದಲಿನಂಥ ತಂತಿ. ಒಂದು ಸಲ ಚುಚ್ಚಿದರೆ ಉರಿ ಮತ್ತೆ ನೀಲಿ. ಸ್ಟೌ ಮಾಡಿದವರಿಗೆ ಈ ತೂತು ಕಟ್ಟಿಯೇ ಕಟ್ಟುತ್ತದೆ ಅಂತ ಗೊತ್ತಿತ್ತು. ಪಿನ್ನೂ ಅಂಗಡಿಯಲ್ಲಿ ಸಿಗುತ್ತಿತ್ತು, ನಿಪ್ಪಲ್ಲೂ ಬೇರೆಯಾಗಿ ಸಿಗುತ್ತಿತ್ತು. ಮದುವೆ ಮನೆಗೆ ಬರುತ್ತಿದ್ದ ಪೆಟ್ರೋಮ್ಯಾಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಸೂಜಿ ಒಳಗೇ ಇತ್ತು. ಪಕ್ಕದ ಹಿಡಿ ತಿರುಗಿಸಿದರೆ ಸೂಜಿ ಮೇಲೆ ಬಂದು ತೂತು ಬಿಡಿಸಿ ಕೆಳಗೆ ಹೋಗುತ್ತಿತ್ತು. ದೀಪ ಆರಿಸಬೇಕಾಗಿಯೂ ಇರಲಿಲ್ಲ.

ಅದೇ ಉಪಾಯವನ್ನು ಸ್ಪ್ರೇ ಬಾಟಲಿಗೆ ತರಬಹುದಲ್ಲ ಎಂದು ನನಗೂ ಅನ್ನಿಸಿತ್ತು. ಮುಚ್ಚಳ ತಿರುಗಿಸಿದಾಗ ಒಳಗಿನಿಂದ ಒಂದು ಸೂಜಿ ಬಂದು ತೂತು ಬಿಡಿಸುವ ಹಾಗೆ ಮಾದರಿ ಮಾಡಿಸಿದೆ. ಮೊದಲ ದಿನ ಚೆನ್ನಾಗಿ ಕೆಲಸ ಮಾಡಿತು. ಕೆಲವು ನೂರು ಸಲ ತಿರುಗಿಸಿದ ಮೇಲೆ ಸ್ಪ್ರೇ ಒಂದು ಕಡೆಗೆ ವಾಲಿತು. ಭೂತಗನ್ನಡಿಯಲ್ಲಿ ನೋಡಿದರೆ ದುಂಡಗಿದ್ದ ತೂತು ಮೊಟ್ಟೆಯಾಕಾರವಾಗಿತ್ತು. ಹಿತ್ತಾಳೆ ಸೂಜಿಯನ್ನು ತಡೆದುಕೊಳ್ಳುತ್ತದೆ, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ತಡೆದುಕೊಳ್ಳುವುದಿಲ್ಲ. ಅದೂ ಅಲ್ಲದೆ ಸೂಜಿ ತೂತನ್ನು ಮಾತ್ರ ಬಿಡಿಸುತ್ತಿತ್ತು, ಕಾಲುವೆಗಳು ಹಾಗೇ ಇದ್ದವು. ಆ ಮಾದರಿ ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಹೊಸ ಹುಡುಗರು ಕೆಲಸಕ್ಕೆ ಸೇರಿದಾಗ ತೋರಿಸುತ್ತೇನೆ.

ಗೋಡೆಗೆ ಬಣ್ಣ ಹೊಡೆಯುವ ದೊಡ್ಡ ಯಂತ್ರಗಳಲ್ಲಿ ಇನ್ನೊಂದು ಬಗೆ ಇದೆ. ಅದರ ತುದಿ ಒಂದು ಸಣ್ಣ ಉರುಳೆಯಲ್ಲಿ ಕೂತಿರುತ್ತದೆ. ಕಟ್ಟಿಕೊಂಡರೆ ಉರುಳೆಯನ್ನು ಅರ್ಧ ಸುತ್ತು ತಿರುಗಿಸುತ್ತಾರೆ. ಹಿಂದಿದ್ದದ್ದು ಮುಂದಾಗುತ್ತದೆ. ಒತ್ತಡದ ಬಣ್ಣವೇ ಕಸವನ್ನು ಬಂದ ದಾರಿಯಲ್ಲೇ ಹೊರಗೆ ಉಗಿಯುತ್ತದೆ. ಬಹಳ ಚಂದದ ಉಪಾಯ. ಆದರೆ ಆ ಯಂತ್ರದ ಒತ್ತಡ ಸುಮಾರು 200 ಬಾರ್ ತನಕ ಇರುತ್ತದೆ. ನಮ್ಮ ಬೆರಳಿನ ಒತ್ತಡ ಅದರ ಹತ್ತಿರಕ್ಕೂ ಬರುವುದಿಲ್ಲ. ಎರಡೂ ಕಡೆ ಸೋರದ ಹಾಗೆ ಮುಚ್ಚುವುದೂ ಕಷ್ಟ. ನಿಮ್ಮ ಬೆಲೆಗೆ ಅದು ಆಗುವುದಿಲ್ಲ.

ನನಗೆ ಈಗಲೂ ಸರಿ ಅನ್ನಿಸುವುದು ತೋಟದ ನಾಜಲ್. ನಮ್ಮ ಊರು ತೀರ್ಥಹಳ್ಳಿ ಕಡೆ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಸುಣ್ಣ ಅಂದಮೇಲೆ ಗಸಿ ಇದ್ದೇ ಇರುತ್ತದೆ. ಔಷಧಿ ಹೊಡೆಯಲು ಹತ್ತುವ ಕೊನೆಗೌಡ ಮರದ ತುದಿಯಲ್ಲಿರುವಾಗ ನಾಜಲ್ ಕಟ್ಟಿಕೊಂಡರೆ ಏನು ಗತಿ ಹೇಳಿ? ಒಂದು ಕೈ ಮರಕ್ಕೆ, ಒಂದು ಕೈ ಕೆಲಸಕ್ಕೆ. ಹಾಗಾಗಿ ಅಪ್ಪ ಸುಣ್ಣದ ನೀರನ್ನು ಹಳೆ ಪಂಚೆಯಲ್ಲಿ ಎರಡು ಸಲ ಸೋಸುತ್ತಿದ್ದರು. ಪಂಪಿನ ಬಾಯಿಗೆ ಒಂದು ಜಾಲರಿ ಬೇರೆ. ಅಷ್ಟಾದರೂ ಕಟ್ಟಿದರೆ ನಾಜಲ್‌ನ ಮುಚ್ಚಳ ಕೈಯಲ್ಲೇ ತಿರುಗಿಸಿದರೆ ಬಿಚ್ಚುತ್ತಿತ್ತು. ಒಳಗೆ ತೂತಿನ ಬಿಲ್ಲೆ, ಸುಳಿ ಮಾಡುವ ಬಿಲ್ಲೆ, ಪುಟ್ಟ ಜಾಲರಿ, ಎಲ್ಲ ಬೇರೆ ಬೇರೆಯಾಗಿ ಕೈಗೆ ಬರುತ್ತಿದ್ದವು. ತೊಳೆದು ಹಾಕಿದರೆ ಮುಗಿಯಿತು. ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರ್‌ಗಳಲ್ಲೂ ಹೀಗೆಯೇ. ಜಿಕೆವಿಕೆಯ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ, ಕೃಷಿ ಮೇಳಕ್ಕೆ ಹೋದರೆ ಸುಮ್ನೆ ಒಂದು ಬಿಚ್ಚಿಸಿ ನೋಡಿ. ಹೊಲದಲ್ಲಿ ದಶಕಗಳಿಂದ ಇರುವ ಅನುಕೂಲ ಅಡುಗೆಮನೆಯ ಹೆಚ್ಚಿನ ಬಾಟಲಿಗಳಿಗೆ ಇನ್ನೂ ಬಂದಿಲ್ಲ. ಕಾರಣ ಸರಳ. ಅಡುಗೆಮನೆ ಬಾಟಲಿಯನ್ನು ಒಂದು ಸಲ ಖಾಲಿಯಾದರೆ ಎಸೆಯಲಿ ಎಂದೇ ಮಾಡಿರುತ್ತಾರೆ. ನೀವು ಮತ್ತೆ ಮತ್ತೆ ತುಂಬಿಸಿ ಕೊಡುತ್ತೀರಿ. ಹಾಗಾಗಿ ನಿಮಗೆ ಬೇಕಾದದ್ದು ತೋಟದ ನಾಜಲ್‌ನ ಬುದ್ಧಿ. (ಒಂದು ವಿಷಯ ಮಾತ್ರ ತೋಟದಿಂದ ತರಬೇಡಿ. ಕಟ್ಟಿಕೊಂಡ ನಾಜಲನ್ನು ಬಾಯಿಗಿಟ್ಟು ಊದುವ ಅಭ್ಯಾಸ ಅಲ್ಲಿ ಬಹಳ ಜನಕ್ಕಿದೆ. ಔಷಧಿ ಹೊಟ್ಟೆಗೆ ಹೋಗುತ್ತದೆ.)

ಪಂಚೆಯಲ್ಲಿ ಸೋಸುವುದರಿಂದಲೇ ನೀವೂ ಶುರು ಮಾಡಿ. ಒಂದು ಅಂದಾಜು ಇದೆ: ಕಣ ತೂತಿನ ಮೂರನೇ ಒಂದು ಪಾಲಿಗಿಂತ ಸಣ್ಣದಿರಬೇಕು. ತೂತಿಗಿಂತ ಚಿಕ್ಕದಿದ್ದರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ಎರಡು ಮೂರು ಕಣಗಳು ಒಟ್ಟಿಗೆ ಬಂದರೆ ಒಂದಕ್ಕೊಂದು ಆತುಕೊಂಡು ತೂತಿನ ಬಾಯಲ್ಲಿ ಕಮಾನು ಕಟ್ಟುತ್ತವೆ. ಬಸ್ಸಿನ ಬಾಗಿಲಲ್ಲಿ ಮೂರು ಜನ ಒಟ್ಟಿಗೆ ಇಳಿಯಲು ಹೋದಂತೆ. 0.5 ಮಿಲಿಮೀಟರ್ ತೂತಿಗೆ 100 ಮೆಶ್‌ನ ನೈಲಾನ್ ಬಟ್ಟೆ ಸರಿಹೋಗುತ್ತದೆ. ಅದರ ಕಿಂಡಿ ಸುಮಾರು 0.15 ಮಿಲಿಮೀಟರ್. ಟೀ ಜರಡಿ ಇದಕ್ಕೆ ಬಹಳ ದೊಡ್ಡದು. ಮೊದಲು ಬಟ್ಟೆಯಲ್ಲಿ ಸೋಸಿ, ಒಂದು ರಾತ್ರಿ ಹಾಗೇ ಇಡಿ. ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ನೈಲಾನ್ ಬಟ್ಟೆಯಲ್ಲಿ ಸೋಸಿ ತುಂಬಿ.

ಹುದುಗು ಪೂರ್ತಿ ಮುಗಿದಿದೆಯೇ ಎಂದೂ ನೋಡಿಕೊಳ್ಳಿ. 1 ಪಾಲು ಬೆಲ್ಲ, 3 ಪಾಲು ಸಿಪ್ಪೆ, 10 ಪಾಲು ನೀರು ಹಾಕಿ ಮೂರು ತಿಂಗಳು ಇಡುವುದು ಎಲ್ಲರ ರೂಢಿ. ಬೇಡಿಕೆ ಜಾಸ್ತಿ ಆದಾಗ ಎರಡು ತಿಂಗಳಿಗೇ ತೆಗೆಯುವ ಆಸೆ ಬರುತ್ತದೆ. ಹಾಗೆ ತೆಗೆದರೆ ಬಾಟಲಿಯೊಳಗೆ ಗ್ಯಾಸ್ ಬರುತ್ತಲೇ ಇರುತ್ತದೆ. ಆ ಗ್ಯಾಸ್ ದ್ರವವನ್ನು ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಯಾರೂ ಒತ್ತದೆಯೇ ಮೂತಿಯಲ್ಲಿ ಹನಿ ಜಿನುಗಿ ಒಣಗುತ್ತದೆ. ವಾಪಸ್ ಬಂದ ಬಾಟಲಿಗಳಲ್ಲಿ ಯಾವುದಾದರೂ ಉಬ್ಬಿದ್ದರೆ ಇದೇ ಕಥೆ. ಬೆಲ್ಲ ಉಳಿದಿದ್ದರೆ ಲೋಳೆಯೂ ಬೇಗ ಬರುತ್ತದೆ.

ಈಗ ನಾಜಲ್‌ನ ಆಕಾರ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಅಡುಗೆಮನೆ ಕಟ್ಟೆಗೆ ಮಂಜಿನಂಥ ಸ್ಪ್ರೇ ಬೇಕೇ? ಬೇಡ. ಸೆಂಟಿಗೆ ಬೇಕು, ಮುಖಕ್ಕೆ ಹೊಡೆಯುವ ಪನ್ನೀರಿಗೆ ಬೇಕು. ಕಟ್ಟೆಗೆ ದಪ್ಪ ಹನಿಯೇ ಒಳ್ಳೆಯದು. ಹನಿ ಸಣ್ಣದಾದಷ್ಟೂ ಗಾಳಿಯಲ್ಲಿ ತೇಲಿ ಮೂಗಿಗೆ ಹೋಗುತ್ತದೆ, ಕಟ್ಟೆಗೆ ಬೀಳುವುದು ಕಡಿಮೆ. ಆದ್ದರಿಂದ 0.7ರಿಂದ 0.8 ಮಿಲಿಮೀಟರ್ ತೂತಿನ, ದಪ್ಪ ಹನಿಯ ಸ್ಪ್ರೇ ತಲೆ (ಟ್ರಿಗರ್ ಮತ್ತು ನಾಜಲ್ ಇರುವ ಮೇಲಿನ ಭಾಗ) ಕೇಳಿ ನೋಡಿ. ನಿಮ್ಮ ಅರ್ಧ ದೂರು ಇಲ್ಲೇ ಕಡಿಮೆಯಾಗಬಹುದು. ನೊರೆ ಬರುವ ಮೂತಿ ಬೇಡ. ಅದರಲ್ಲಿ ತೂತಿನ ಮುಂದೆ ಇನ್ನೊಂದು ಜಾಲರಿ ಇರುತ್ತದೆ, ನಿಮ್ಮ ನಾರು ಅಲ್ಲಿ ಹೋಗಿ ಕೂರುತ್ತದೆ.

ಅಚ್ಚು ಮಾಡುವವರ ಜೊತೆ ಮಾತಾಡುವ ದಿನ ಬಂದರೆ ಮೊದಲು ಹೇಳಬೇಕಾದದ್ದು ಇದು: ಸುಳಿಯ ಗುಂಡಿ ಮತ್ತು ಕಾಲುವೆಗಳು ಬಿಚ್ಚಿ ಬರುವ ಮುಚ್ಚಳದ ಒಳಮುಖದಲ್ಲೇ ಇರಬೇಕು. ಈಗ ಸಿಗುವ ಎಷ್ಟೋ ತಲೆಗಳಲ್ಲಿ ಮುಚ್ಚಳ ಒಂದಷ್ಟು ತಿರುಗುತ್ತದೆ, ಆದರೆ ಹೊರಗೆ ಬರುವುದಿಲ್ಲ. ಜೋರಾಗಿ ಎಳೆದರೆ ಟಕ್ ಎಂದು ಕಿತ್ತು ಬರುತ್ತದೆ, ಮತ್ತೆ ಕೂರಿಸಿದರೆ ಸೋರುತ್ತದೆ. ನಿಮ್ಮದು ಕಾಲು ಸುತ್ತು ತಿರುಗಿಸಿದರೆ ಬಿಚ್ಚಬೇಕು, ಕಾಲು ಸುತ್ತು ತಿರುಗಿಸಿದರೆ ಕೂರಬೇಕು. ಕೂರುವ ದಾರಿ ಸ್ವಲ್ಪ ಇಳಿಜಾರಾಗಿರಲಿ. ಟ್ರಿಗರ್ ಒತ್ತಿದಾಗ ಬರುವ ಒತ್ತಡಕ್ಕೆ ಮುಚ್ಚಳ ಸಡಿಲವಾಗಬಾರದು. ತಪ್ಪಾಗಿ ಕೂರಿಸಲು ಸಾಧ್ಯವೇ ಇರಬಾರದು. ಒಂದು ಹಲ್ಲು ದೊಡ್ಡದು, ಒಂದು ಹಲ್ಲು ಚಿಕ್ಕದು ಮಾಡಿದರೆ ಸಾಕು.

ಒದ್ದೆ ಕೈಯ ವಿಷಯ ಬಹಳ ಜನ ಮರೆಯುತ್ತಾರೆ. ನಾನೂ ಮರೆತಿದ್ದೆ. ನನ್ನ ಮೊದಲ ಬಿಚ್ಚುವ ಮುಚ್ಚಳ 10 ಮಿಲಿಮೀಟರ್ ಇತ್ತು, ನುಣುಪಾಗಿತ್ತು, ನೋಡಲು ಚೆನ್ನಾಗಿತ್ತು. ಅಮ್ಮನ ಕೈಗೆ ಕೊಟ್ಟೆ. ಅವರಿಗೆ ಗಂಟು ನೋವು. ಪಾತ್ರೆ ತೊಳೆಯುತ್ತಾ ಸೋಪಿನ ಕೈಯಲ್ಲಿ ತಿರುಗಿಸಲು ಹೋದರು, ಆಗಲಿಲ್ಲ. ಆಮೇಲೆ ಸೆರಗು ಸುತ್ತಿ ತಿರುಗಿಸಿದರು. ಬಿಚ್ಚಿತು, ಸಿಂಕ್‌ಗೆ ಬಿತ್ತು, ನೀರಿನ ಜೊತೆ ತೂತಿನೊಳಗೆ ಹೋಯಿತು. ಅವತ್ತೇ ಮೂರು ಬದಲಾವಣೆ ಬರೆದುಕೊಂಡೆ. ಅಗಲ 16 ಮಿಲಿಮೀಟರ್. ಸುತ್ತ ನಾಲ್ಕು ದಪ್ಪ ಏಣು. ಮುಚ್ಚಳವನ್ನು ತಲೆಗೆ ಕಟ್ಟಿಹಾಕುವ ಒಂದು ತೆಳು ಪಟ್ಟಿ. ಆ ಪಟ್ಟಿಯನ್ನು ಅದೇ ಪಾಲಿಪ್ರೊಪಿಲೀನ್‌ನಲ್ಲಿ ಒಟ್ಟಿಗೇ ಎರಕ ಹೊಯ್ಯಬಹುದು. ಎಷ್ಟು ಸಲ ಬಗ್ಗಿಸಿದರೂ ಸುಲಭಕ್ಕೆ ತುಂಡಾಗದ ಪ್ಲಾಸ್ಟಿಕ್ ಅದು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬಿಡಿ ಮುಚ್ಚಳ ಬಾಯಿಗೆ ಹೋಗುವ ಭಯವೂ ಇದರಿಂದ ತಪ್ಪುತ್ತದೆ.

ಶವರ್‌ಗಳಲ್ಲಿ ಈಗ ಮೆತ್ತನೆಯ ಸಿಲಿಕೋನ್ ತೊಟ್ಟುಗಳು ಬರುತ್ತವೆ, ಹೆಬ್ಬೆರಳಲ್ಲಿ ಉಜ್ಜಿದರೆ ಸುಣ್ಣ ಉದುರುತ್ತದೆ. ಅದನ್ನು ಬಾಟಲಿಗೆ ತರಬಹುದೇ ಎಂದು ಅಚ್ಚಿನವರು ಕೇಳಬಹುದು. ದಪ್ಪ ಎಳೆಯಾಗಿ ಬರುವ ಸ್ಪ್ರೇಗೆ ಪರವಾಗಿಲ್ಲ. ಸುಳಿ ಮಾಡುವ ನಾಜಲ್‌ಗೆ ಬೇಡ. ಮೆತ್ತನೆಯ ತುಟಿ ಒತ್ತಡಕ್ಕೆ ಅಗಲವಾಗಿ ಹನಿಯ ಗಾತ್ರ ಕೆಡುತ್ತದೆ.

ತೂತನ್ನು ಅಚ್ಚಿನೊಳಗೆ ಒಂದು ಉಕ್ಕಿನ ಪಿನ್ ಮಾಡುತ್ತದೆ. ಪ್ಲಾಸ್ಟಿಕ್ ಅದರ ಸುತ್ತ ಹರಿದು ಗಟ್ಟಿಯಾಗುತ್ತದೆ. ಅಷ್ಟು ಸಣ್ಣ ಪಿನ್ ಬೇಗ ಬಾಗುತ್ತದೆ, ಸವೆಯುತ್ತದೆ. ಸವೆದಾಗ ತೂತಿನ ಅಂಚಿನಲ್ಲಿ ಪ್ಲಾಸ್ಟಿಕ್‌ನ ಸಣ್ಣ ಗರಿ ಉಳಿಯುತ್ತದೆ. ನಾರು ಸಿಕ್ಕಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಆದ್ದರಿಂದ ಆ ಪಿನ್ ಮಾತ್ರ ಬಿಚ್ಚಿ ಬದಲಿಸುವ ಹಾಗೆ ಅಚ್ಚು ಮಾಡಿ ಎಂದು ಕೇಳಿ. ಅವರು ಒಪ್ಪದಿದ್ದರೆ ರಾಜಾಜಿನಗರದ ಜಿಟಿಟಿಸಿಯಲ್ಲಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ, ಒಮ್ಮೆ ವಿಚಾರಿಸಿ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸಂಸ್ಥೆ ಅದು. ಅಚ್ಚಿನ ಕೆಲಸ ಚೆನ್ನಾಗಿ ಬಲ್ಲವರು ಸಿಗುತ್ತಾರೆ. ಮಾದರಿಗೆ ತ್ರೀಡಿ ಪ್ರಿಂಟ್ ಮಾಡಿಸಬಹುದು, ಆದರೆ ಕೈಗೆ ಹೇಗೆ ಕೂರುತ್ತದೆ ಎಂದು ನೋಡಲು ಮಾತ್ರ. ಪ್ರಿಂಟ್ ಮಾಡಿದ ಕಾಲುವೆಯನ್ನು ನಂಬಿ ಸ್ಪ್ರೇ ಹೇಗಿದೆ ಎಂದು ತೀರ್ಮಾನಿಸಬೇಡಿ.

ಒಳಗಿನ ಸ್ಪ್ರಿಂಗ್ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಬರೀ ಸತುವಿನ ಲೇಪ ಇದ್ದರೆ ನಿಮ್ಮ ಹುಳಿಗೆ ತುಕ್ಕು ಹಿಡಿದು, ಆ ತುಕ್ಕಿನ ಪುಡಿಯೇ ನಾಜಲ್‌ಗೆ ಬರುತ್ತದೆ. ವಾಷರ್ ಇಪಿಡಿಎಂ ರಬ್ಬರ್ ಆದರೆ ಹುಳಿ ನೀರಿಗೆ ಸರಿ. ಮುಂದೆ ಎಂದಾದರೂ ಗಿಡಗಳಿಗೆ ಬೇವಿನೆಣ್ಣೆ ಸ್ಪ್ರೇ ಮಾಡುವ ಯೋಚನೆ ಇದ್ದರೆ ಅದೇ ತಲೆ ಬಳಸಬೇಡಿ. ಎಣ್ಣೆಗೆ ಇಪಿಡಿಎಂ ಊದಿಕೊಳ್ಳುತ್ತದೆ. ಅದಕ್ಕೆ ನೈಟ್ರೈಲ್ ರಬ್ಬರ್ ಬೇಕು.

ಇಷ್ಟೆಲ್ಲ ಹೇಳಿದೆ. ಆದರೂ ತಿಂಗಳಿಗೆ 200 ಬಾಟಲಿಗೆ ಸ್ವಂತ ಅಚ್ಚು ಬೇಡ ಎನ್ನುವುದೇ ನನ್ನ ಅಭಿಪ್ರಾಯ. ನಿಮ್ಮ ಬಾಟಲಿಯ ಕತ್ತು ಬಹುಶಃ 28 ಮಿಲಿಮೀಟರಿನದು, ವ್ಯಾಪಾರದವರು 28/410 ಅಥವಾ 28/400 ಎನ್ನುತ್ತಾರೆ. ಅದೇ ಅಳತೆಗೆ ಕೂರುವ, ಮುಂದಿನ ಮುಚ್ಚಳ ಪೂರ್ತಿ ಬಿಚ್ಚಿ ಬರುವ ತಲೆಗಳೂ ಇವೆ. ಪೇಟೆ ಕಡೆ ಹೋದಾಗ ಐದಾರು ಬಗೆ ತಲಾ ನಾಲ್ಕು ತನ್ನಿ. ಬಿಲ್ಲಿಂಗ್ ಮಾಡಿಸುವ ಮುಂಚೆ ಅಂಗಡಿಯಲ್ಲೇ ಬಿಚ್ಚಿ ಕೂರಿಸಿ ನೋಡಿ. ಮನೆಗೆ ತಂದು ನಿಮ್ಮದೇ ದ್ರವ ತುಂಬಿ. ದಿನಕ್ಕೆ ಹತ್ತು ಸಲ ಒತ್ತಿ, ಮೂತಿ ಮುಚ್ಚದೆ ಕಿಟಕಿಯ ಬಿಸಿಲಿಗೆ ಇಡಿ. ಅರ್ಧದಷ್ಟನ್ನು ಸೋಸಿದ ದ್ರವದಲ್ಲಿ, ಅರ್ಧದಷ್ಟನ್ನು ಈಗ ತುಂಬುತ್ತಿರುವ ರೀತಿಯಲ್ಲೇ ಇಡಿ. ಆರು ವಾರ ನೋಡಿ. ಯಾವುದು ಕಟ್ಟಿತು ಎನ್ನುವುದಕ್ಕಿಂತ, ಕಟ್ಟಿದ್ದನ್ನು ಬಿಡಿಸಲು ಎಷ್ಟು ಹೊತ್ತು ಬೇಕಾಯಿತು ಎಂದು ಬರೆದುಕೊಳ್ಳಿ. ಒಂದು ನಿಮಿಷಕ್ಕಿಂತ ಜಾಸ್ತಿ ಆದರೆ ಗಿರಾಕಿ ಬಿಡಿಸುವುದಿಲ್ಲ, ನಿಮಗೆ ಫೋನ್ ಮಾಡುತ್ತಾರೆ.

ಬಾಟಲಿಯ ಜೊತೆ ಒಂದು ಚಿಕ್ಕ ಬ್ರಶ್ ಕೊಡಿ. ಹಲ್ಲುಜ್ಜುವ ಬ್ರಶ್ಶಿನ ಒಂದು ಎಳೆ ಸುಮಾರು 0.2 ಮಿಲಿಮೀಟರ್ ದಪ್ಪ. ನಾಜಲ್ ತೂತಿನಲ್ಲಿ ಸಲೀಸಾಗಿ ಹೋಗುತ್ತದೆ, ಪ್ಲಾಸ್ಟಿಕ್ಕನ್ನು ಕೆರೆಯುವುದಿಲ್ಲ. ಪಿನ್ ಬೇಡ, ಹಳೇ ಟೂತ್‌ಬ್ರಶ್ ಸಾಕು ಎಂದು ಲೇಬಲ್ ಮೇಲೆ ಬರೆದರೂ ಆಯಿತು. ವಾರಕ್ಕೊಮ್ಮೆ ತಲೆ ಬಿಚ್ಚಿ, ಪೈಪನ್ನು ಒಂದು ಲೋಟ ಬಿಸಿನೀರಿಗೆ ಇಳಿಬಿಟ್ಟು ಹತ್ತು ಸಲ ಒತ್ತಲಿ. ಒಳಗಿನ ವಾಲ್ವ್, ಪೈಪು, ಕಾಲುವೆ ಎಲ್ಲವೂ ತೊಳೆದುಹೋಗುತ್ತವೆ. ಬೋರ್‌ವೆಲ್ ನೀರಿನ ಮನೆಯಾದರೆ ಕುಡಿಯುವ ನೀರನ್ನೇ ಬಿಸಿ ಮಾಡಿ ಬಳಸಲಿ, ಇಲ್ಲದಿದ್ದರೆ ಲೋಳೆ ಹೋಗಿ ಸುಣ್ಣ ಬರುತ್ತದೆ. ಕೆಲಸ ಮುಗಿದ ಮೇಲೆ ಮೂತಿಯನ್ನು "ಆಫ್" ಕಡೆಗೆ ತಿರುಗಿಸಿಡಲು ಹೇಳಿ. ಬರೀ ಅಷ್ಟು ಮಾಡಿದರೂ ಹನಿ ಒಣಗುವುದು ಬಹಳ ಕಡಿಮೆಯಾಗುತ್ತದೆ.

ಮುಂದೆ ತಿಂಗಳಿಗೆ ಸಾವಿರಗಟ್ಟಲೆ ಬಾಟಲಿ ಹೋಗುವ ಹಾಗಾದರೆ ಮುಚ್ಚಳ ಒಂದಕ್ಕೇ ಅಚ್ಚು ಮಾಡಿಸೋಣ, ಇಡೀ ತಲೆಗೆ ಬೇಡ. ಸದ್ಯಕ್ಕೆ ಆ ಹತ್ತು ಬಾಟಲಿ ಬಿಚ್ಚಿ. ಎಷ್ಟರಲ್ಲಿ ನಾರು, ಎಷ್ಟರಲ್ಲಿ ಲೋಳೆ, ಎಷ್ಟರಲ್ಲಿ ವಾಲ್ವ್ ಸಿಕ್ಕಿಕೊಂಡಿದೆ ಎಂದು ಒಂದು ಹಾಳೆಯಲ್ಲಿ ಬರೆದು ಕಳಿಸಿ. ಗುಂಡಿಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಜಾಲರಿ ಯಾವ ಅಳತೆಯದು ಬೇಕೆಂದು ಅದನ್ನು ನೋಡಿ ಹೇಳುತ್ತೇನೆ.